ಏಳನೆಯ ಪಾಠ

ಏಳನೆಯ ಪಾಠದಲ್ಲಿ ಒಂದು ಕುಟುಂಬ ರಜೆಗೆ ಹೋಗುತ್ತದೆ.
ಅಪ್ಪ, ಅಮ್ಮ, ಮಿಶೆಲ್ ಎಂಬ ಹುಡುಗ,
ಹೆಸರಿಲ್ಲದ ಒಂದು ನಾಯಿ.
ಊರು ಬ್ರೆತಾಞ್ ಸೀಮೆಯ ಒಂದು ಹಳ್ಳಿ:
ಕಡಲಿಗೆ ಬೆನ್ನು ಹಾಕಿ ನಿಂತ ಕಲ್ಲಿನ ಇಗರ್ಜಿ,
ಯಾರೋ ರಾಜ ಬಿಟ್ಟುಹೋದ ಕೋಟೆಯ ಗೋಡೆ,
ನೀರು ಇಳಿದಾಗ ಬಕೆಟ್ಟು ಹಿಡಿದು
ಚಿಪ್ಪು ಹೆಕ್ಕಲು ಹೊರಟ ಜನ.

ಇಪ್ಪತ್ತೆಂಟು ವರ್ಷ, ಕಂಕನಾಡಿಯಲ್ಲಿ,
ಫ್ಯಾನು ಕಿರುಗುಡುವ ಎರಡನೇ ಮಾಳಿಗೆಯ ಕೋಣೆಯಿಂದ
ಅವರನ್ನು ನಾನೇ ರಜೆಗೆ ಕಳಿಸಿದ್ದೇನೆ.
ಮಿಶೆಲ್‌ಗೆ ಇನ್ನೂ ಹತ್ತು ವರ್ಷ.
ನನಗೆ ಮೊನ್ನೆ ಶಾಲು ಹೊದಿಸಿ ಮನೆಗೆ ಕಳಿಸಿದರು.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು:
ಮದಾಮ್, ಅಲ್ಲಿ ಮೀನಿನ ವಾಸನೆ ಉಂಟಾ?
ಪುಸ್ತಕದಲ್ಲಿ ಇರಲಿಲ್ಲ.
ಉಂಟು ಎಂದೆ, ಹೋಗಿ ಬಂದವಳ ಹಾಗೆ.

ಎರಡು ಪಾಸ್‌ಪೋರ್ಟ್ ಮಾಡಿಸಿದ್ದೆ.
ಎರಡೂ ಒಂದು ಮುದ್ರೆ ಕಾಣದೆ ಕನ್ಯೆಯರಾಗಿಯೇ ಮುದಿಯಾದವು.
ಕಾರಣ ಕೇಳಿದವರಿಗೆಲ್ಲ ದುಡ್ಡು ಎಂದೆ, ಮೊಣಕಾಲು ಎಂದೆ,
ತಂಗಿಯ ಬಾಣಂತನ ಎಂದೆ.
ನಿಜ ಇಷ್ಟೇ: ಅಲ್ಲಿನ ರೊಟ್ಟಿ ಅಂಗಡಿಯವಳು
ನನ್ನ ಫ್ರೆಂಚ್ ಕೇಳಿ, ಹುಬ್ಬು ಎತ್ತಿ,
"ಏನು?" ಎಂದುಬಿಟ್ಟರೆ.

ಹಾಗಾಗಿ ಈ ರಜೆಗೆ ಹಂಗಾರಕಟ್ಟೆ.
ಒಂದು ಚೀಲ, ಒಂದು ಕೊಡೆ, ಹೊಳೆಬದಿಯಲ್ಲಿ ಬಾಡಿಗೆಯ ಕೋಣೆ.
ದಾರಿಯಲ್ಲಿ ರಿಕ್ಷಾದ ಕುಷ್ಟಪ್ಪ ಬಾರ್ಕೂರು ತೋರಿಸಿದ:
ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ,
ಕತ್ತಲೆ ಬಸದಿಯ ಕಂಬಗಳ ನಡುವೆ ಮಲಗಿದ್ದ ಮಧ್ಯಾಹ್ನ,
ಬರಹವಿದ್ದ ಕಲ್ಲಿಗೆ ಒರಗಿಸಿಟ್ಟ ಸೈಕಲ್ಲು.
ಯಾವ ರಾಜ ಎಂದು ಕೇಳಿದೆ.
"ಸುಮಾರ್ ಜನ ಇದ್ರಂಬ್ರು" ಎಂದ.

ಬೆಳಿಗ್ಗೆ ಹೊಳೆ ಹಿಂದೆ ಸರಿದಿತ್ತು.
ಕೆಸರಿನ ಬೆನ್ನು ಹೊಳೆಯುತ್ತಿತ್ತು, ಆಗಷ್ಟೇ ಸ್ನಾನ ಮುಗಿಸಿದ ಎಮ್ಮೆಯಂತೆ.
ಆರೇಳು ಹೆಂಗಸರು ಸೀರೆ ಎತ್ತಿ ಕಟ್ಟಿ
ಬಗ್ಗಿ ಮರುವಾಯಿ ಹೆಕ್ಕುತ್ತಿದ್ದರು.
ನನ್ನ ಕೊಂಕಣಿಯಲ್ಲಿ ಅದು ಖುಬೆ.
ಏಳನೆಯ ಪಾಠದಲ್ಲಿ ಅದಕ್ಕೊಂದು ಹೆಸರು ಉಂಟು,
ಎಷ್ಟು ಸಲ ಬೋರ್ಡಿನ ಮೇಲೆ ಬರೆದದ್ದು,
ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಚಪ್ಪಲಿ ಬಿಟ್ಟು ಇಳಿದೆ. ಹತ್ತಿರವಿದ್ದವಳಿಗೆ ಹೇಳಿದೆ,
"ನಾನೂ ತಮ್ಮೊಡನೆ ಸಂಗ್ರಹಿಸಬಹುದೇ?"
ಅವಳು ತಲೆ ಎತ್ತಿದಳು. ಹುಬ್ಬು ಎತ್ತಿದಳು.
"ಎಂತ?"

ಇಪ್ಪತ್ತೆಂಟು ವರ್ಷ ಕಾದಿದ್ದ ಆ ಒಂದು ಪದ
ಬಂತು, ಬಿತ್ತು, ಕೆಸರಿನಲ್ಲಿ ಹೂತುಹೋಯಿತು.
ಆಕಾಶ ಅಲ್ಲೇ ಇತ್ತು.
ನಾನು ಕೈಯಲ್ಲಿ ಹೆಕ್ಕಿ ತೋರಿಸಿದೆ.
ಅವಳು ನಕ್ಕು ಬುಟ್ಟಿ ಇತ್ತ ಸರಿಸಿದಳು.

ಅವಳ ಹೆಸರು ಗುಲಾಬಿ. ನನ್ನನ್ನು ಬಾಯಮ್ಮ ಎಂದಳು.
ಹೆಬ್ಬೆರಳಲ್ಲಿ ತಡಕಿ ನೋಡಿ, ಕಣ್ಣಲ್ಲಿ ಅಲ್ಲ, ಎಂದು ಕಲಿಸಿದಳು.
ನಾನು ಹೆಕ್ಕಿದ್ದರಲ್ಲಿ ಅರ್ಧ ಬರೀ ಚಿಪ್ಪು,
ಒಳಗೆ ಮಣ್ಣು. ಅವಳು ಒಂದೊಂದೇ ಎತ್ತಿ ಎಸೆದಳು,
ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಹಾಗೆ.

ಎಂತ ಕಲಿಸುದು ನೀವು, ಎಂದು ಕೇಳಿದಳು.
ಬೇರೆ ದೇಶದ ಭಾಷೆ, ಎಂದೆ.
ಆ ಭಾಷೆಯಲ್ಲಿ ಸಮುದ್ರ ಸ್ತ್ರೀಲಿಂಗ. ಎಂದರೆ, ಹೆಂಗಸು.
ಗುಲಾಬಿ ಸೊಂಟ ನೇರ ಮಾಡಿ ಪಡುವಣಕ್ಕೆ ನೋಡಿದಳು,
ಬೆಂಗ್ರೆಯ ತುದಿಯಲ್ಲಿ ಬಿಳಿ ನೊರೆ ಗುಡಿಸುತ್ತಿದ್ದ ಕಡಲನ್ನು.
"ಹಂಗಾರೆ ಅಲ್ಲೂ ಅವ್ಳಿಗೆ ರಜೆ ಇಲ್ಲ ಅಂದಾಯ್ತ್."

ಮೀನಿನ ವಾಸನೆ ಇತ್ತು.
ಉಗುರಲ್ಲಿ, ಸೆರಗಲ್ಲಿ, ಕನ್ನಡಕದ ಕಾಲಲ್ಲಿ.
ಆ ಹಿಂದಿನ ಬೆಂಚಿನ ಹುಡುಗಿ ಈಗ ಎಲ್ಲಿದ್ದಾಳೋ.

"ಭರ್ತ ಬತ್ತಾ ಇತ್ತ್, ಏಳಿ ಬಾಯಮ್ಮ."
ನೀರು ಕಣಕಾಲಿನವರೆಗೆ ಬಂದದ್ದು ಗೊತ್ತೇ ಆಗಿರಲಿಲ್ಲ.
ನಮ್ಮ ಹಿಂದೆ ಒಂದು ನಾಯಿ ಈಜಿ ದಡ ಹತ್ತಿತು.
ಇದರ ಹೆಸರೇನು, ಕೇಳಿದೆ.
"ಹೆಸ್ರೆಂತಕೆ? ನಾಯಿ ಅಂದ್ರೆ ಬತ್ತ್."
ಕರೆದೆ. ಬಂತು.
ಮೈ ಕೊಡವಿ, ನನ್ನ ಸೀರೆಗೆಲ್ಲ ಹೊಳೆ ಹಾರಿಸಿತು.