ಹಕಾರದ ಪರೀಕ್ಷೆ

ಒಂಟಿಕೊಪ್ಪಲಿನ ಮಹಡಿ ಕೋಣೆಯಲ್ಲಿ
ಮಂಗಳವಾರ, ಶುಕ್ರವಾರ, ಸಂಜೆ ಐದಕ್ಕೆ
ಐವತ್ತು ದಾಟಿದ ಗಿಲ್ಯೆಮನಿಗೆ ಕನ್ನಡ ಹೇಳಿಕೊಡುತ್ತೇನೆ.
ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ.
ಇಷ್ಟು ಉದ್ದ ಯಾರೂ ಹೋಗುವುದಿಲ್ಲ ಈ ಊರಲ್ಲಿ,
ಪುಸ್ತಕದಲ್ಲಿ ಮಾತ್ರ ಹೋಗುತ್ತಾರೆ.

ನಡುವೆ ಫೋನು ಬಂತು. ಪಾಂಡವಪುರದ ಕಡೆಯಿಂದ, ಬೆಟ್ಟಯ್ಯ ಮಾವ.
'ಊ ಕಣ್ ಮಾವ, ಆಲೆ ಊಡುದ್ರಾ? ಬತ್ತೀನಿ ಬುಡು,
ಬಾನ್ವಾರ ಬತ್ತೀನಿ, ಅತ್ತೆಗೇಳು.'
ಇಟ್ಟು ತಿರುಗಿದರೆ ಅವನ ಪೆನ್ನು ನಿಂತಿತ್ತು.
'ಮೇಡಂ, ಈಗ ಆಡಿದಿರಲ್ಲ, ಅದು ಯಾವ ಭಾಷೆ?'
'ಅದು ಭಾಷೆಯಲ್ಲ' ಎಂದೆ.
ನನಗಿಂತ ಮೊದಲು ನನ್ನ ಬಾಯಿ ಹೇಳಿತ್ತು.

ಅವನು ನಗಲಿಲ್ಲ.
ಫ್ರಾನ್ಸಿನ ತೆಂಕಣ ತುದಿಯ ದ್ರಾಕ್ಷಿ ಸೀಮೆಯಲ್ಲಿ
ಅವನ ಅಜ್ಜಿಗೆ ಎಂಟು ವರ್ಷ,
ನೀರನ್ನು 'ಐಗ' ಎಂದದ್ದಕ್ಕೆ
ಶಾಲೆಯಲ್ಲಿ ಕೊರಳಿಗೆ ಮರದ ತುಂಡು.
ಇನ್ನೊಂದು ಮಗು ಹಾಗೆ ಮಾತಾಡಿ ಸಿಕ್ಕಿಬಿದ್ದರೆ
ತುಂಡು ಅದರ ಕೊರಳಿಗೆ.
ಸಂಜೆ ಗಂಟೆಗೆ ಯಾರ ಮೇಲಿದೆಯೋ ಅವರಿಗೆ ಏಟು.
ಹಾಗಾಗಿ ಇಡೀ ಮಧ್ಯಾಹ್ನ
ಗೆಳತಿಯ ಬಾಯನ್ನೇ ಕಾಯುತ್ತ ಕೂತಿದ್ದಳಂತೆ.

ನನಗೆ ಮರದ ತುಂಡಲ್ಲ, ಕಾಗದದ ಚೂರು.
ಎಂಟನೇ ತರಗತಿ, ಮೈಸೂರಿಗೆ ಬಂದ ಮೊದಲ ವಾರ,
ಟೀಚರು ನನ್ನ ತುಟಿಯ ಮುಂದೆ ಹಿಡಿದರು.
ಹಾಲು ಅನ್ನು. ಕಾಗದ ಅಲುಗಬೇಕು.
ಆಲು.
ಹಸು ಅನ್ನು.
ಅಸು.
ಅಸು ಎಂದರೆ ಪ್ರಾಣ
ಎಂದು ಗೊತ್ತಾಗಲು ಎಂ.ಎ.ವರೆಗೆ ಓದಬೇಕಾಯಿತು.
ಅವತ್ತು ಬರೀ ನಗು ಕೇಳಿಸಿತು, ಹಿಂದಿನ ಬೆಂಚಿನಿಂದ ಶುರುವಾಗಿ.
ಹಾಸ್ಟೆಲಿನ ಬಚ್ಚಲಲ್ಲಿ ಕನ್ನಡಿಗೆ ಊದಿ ಊದಿ
ನನ್ನ ಮುಖವೇ ಮಸುಕಾಗುವ ತನಕ ಹಕಾರ ಕಲಿತೆ.
ಈಗ ಅದನ್ನೇ ಗಂಟೆಗಿಷ್ಟೆಂದು ಮಾರಿ ಬಾಡಿಗೆ ಕಟ್ಟುತ್ತೇನೆ.

ಶುಕ್ರವಾರ ಅವನು ಕಾಲುಚೀಲದಲ್ಲಿ ಸುತ್ತಿ ಒಂದು ಬಾಟಲಿ ತಂದ.
ಚೀಟಿಯಿಲ್ಲ, ಅವನ ಚಿಕ್ಕಪ್ಪನ ನೆಲಮಾಳಿಗೆಯದು.
ಈ ದ್ರಾಕ್ಷಿಗೆ ಪಿಕ್‌ಪುಲ್ ಎನ್ನುತ್ತಾರಂತೆ,
ತುಟಿ ಚುಚ್ಚುವಂಥದ್ದು ಎಂದು ಅವರ ಕಡೆಯ ಅರ್ಥ.
ಪ್ಯಾರಿಸಿನವರಿಗೆ ಆ ಹೆಸರು ಸರಿಯಾಗಿ ಹೊರಳುವುದಿಲ್ಲ
ಎನ್ನುವಾಗ ಅವನ ಮುಖ ನೋಡಬೇಕಿತ್ತು.
ನಾನು ಕುಡಿಯುವವಳಲ್ಲ.
ಸ್ಟೀಲ್ ಲೋಟದ ತಳಕ್ಕೆ ಹಾಕಿಸಿಕೊಂಡು ಮೂಸಿದೆ.
ನಿಂಬೆಸಿಪ್ಪೆ, ಒದ್ದೆ ಕಲ್ಲು,
ಅದರ ಬೆನ್ನಿಗೇ
ಆಲೆಮನೆಯ ಬಾನಿಯಲ್ಲಿ ರಾತ್ರಿ ಉಳಿದು ಹುಳಿ ತಿರುಗಿದ
ಕಬ್ಬಿನಹಾಲು.

ಎದ್ದು ಡಬ್ಬಿ ತೆಗೆದೆ. ಒಂದು ಅಚ್ಚುಬೆಲ್ಲ.
ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿ ಅವನು ಕೇಳಿದ:
'ಉಪ್ಪು. ಹತ್ತಿರ ಸಮುದ್ರ ಇದೆಯೆ?'
ಇಲ್ಲ. ನಾಲೆಯ ಕೊನೆಯಿದೆ.
ನೀರು ಬಂದು, ಮುಂದೆ ಹೋಗಲು ದಾರಿಯಿಲ್ಲದೆ ನಿಂತು
ಚೌಳಾದ ಗದ್ದೆಯಿದೆ.
ನಮ್ಮಜ್ಜಿ ಕೆಂಪನಿಂಗಮ್ಮ ಒಂದು ಚೂರು ದವಡೆಗೊತ್ತಿ ಹೇಳುತ್ತಿದ್ದಳು:
'ಇದು ಮ್ಯಾಗಲ ತೂಬಿಂದು.
ಇದು ಕೆರೆ ಇಂದ್ಲುದು.
ಇದ್ಕೆ ಕಳ್ಳಸುಣ್ಣ ಬುಟ್ಟವ್ರೆ, ಅದ್ಕೇ ಅಷ್ಟು ಬೆಳ್ಗೈತೆ,
ನಂಬ್‌ಬ್ಯಾಡ ಕಣವ್ವ.'

ಅವನು ಎಲ್ಲ ಬರೆದುಕೊಂಡ, ಕಳ್ಳಸುಣ್ಣವನ್ನೂ.
ಅವರ ನುಡಿಗೆ ಹೆಸರು ಬಂದದ್ದೇ
ಹೌದು ಎನ್ನುವ ಮಾತಿನಿಂದ ಎಂದ: ಒಕ್.
'ನಿಮ್ಮದರಲ್ಲಿ ಹೌದು ಎನ್ನಲು ಏನು?'
'ಔದು' ಎಂದೆ. 'ಔದು ಕಣಯ್ಯ.'
ಅಂದವಳು ಕಿಟಕಿಯ ಕಡೆ ನೋಡಿದೆ,
ಯಾರಾದರೂ ಕೇಳಿಸಿಕೊಂಡರೇನೋ ಎಂದು.
ಕೆಳಗೆ ಹೂವಿನವಳು ಮೊಳ ಹಾಕುತ್ತಿದ್ದಳು,
ಅವಳ ಮೊಳವೂ ಸ್ವಲ್ಪ ಗಿಡ್ಡವೇ.

ಡಿಸೆಂಬರಿನಲ್ಲಿ ಪರೀಕ್ಷೆ.
ಏಳನೇ ಪ್ರಶ್ನೆ: ನಿಮಗೆ ಮೈಸೂರು ಇಷ್ಟವೆ?
ಪೂರ್ಣ ವಾಕ್ಯದಲ್ಲಿ ಉತ್ತರಿಸಿ.
ದುಂಡಗೆ, ಒಂದೊಂದೇ ಅಕ್ಷರ ಕೂರಿಸಿ ಬರೆದಿದ್ದ:
'ಔದು, ನನಗೆ ಮೈಸೂರು ಇಷ್ಟ.'
ಕೆಂಪು ಪೆನ್ನಿನಿಂದ ಅರ್ಧ ಅಂಕ ಕಳೆದೆ.
ಆಮೇಲೆ ಬಾಗಿಲ ಚಿಲಕ ಹಾಕಿ ಬಂದು
ಉತ್ತರ ಪತ್ರಿಕೆಯನ್ನು ತುಟಿಯ ಮುಂದೆ ಹಿಡಿದು
ಮೆಲ್ಲಗೆ ಆ ಮೊದಲ ಪದವನ್ನು ಓದಿದೆ.
ಕಾಗದ ಅಲುಗಲಿಲ್ಲ.