ಕಟ್ಟದ ಕಟ್ಟಡ

ಸೋಹಾರ್ ಬಂದರಿನ ಹಿಂದೆ
ಕೇಬಲ್ ಮಾಡುವ ಹೊಸ ಶೆಡ್ಡೊಂದು ಏಳಲಿದೆ.
ನನ್ನ ಕೆಲಸ, ಅದರ ಪಕ್ಕದಲ್ಲಿ
ಎಂದೂ ಏಳದ ಇನ್ನೊಂದನ್ನು ಕಟ್ಟುವುದು.

ಅದೇ ಉದ್ದ, ಅದೇ ಅಗಲ, ಅದೇ ಸೂರ್ಯ, ಅದೇ ಮೂರು ಪಾಳಿ,
ಅದೇ ನೂರ ನಲವತ್ತು ಜನ, ಅವರ ಮೈಯ ಬಿಸಿ
ತಲೆಗಿಷ್ಟು ವ್ಯಾಟ್ ಎಂದು ಎರಡರಲ್ಲೂ ಸಮ.
ಗೋಡೆ ಮಾತ್ರ ಪುಸ್ತಕ ಹೇಳಿದಷ್ಟೇ ದಪ್ಪ,
ಗಾಳಿಗೆ ಪುಸ್ತಕ ಹೇಳಿದ ಯಂತ್ರ.
ಇದು ತಿನ್ನುವ ಕರೆಂಟಿಗಿಂತ ಕಡಿಮೆ ತಿಂದರೆ
ನಿಜದ ಶೆಡ್ಡು ಜಾಣ.
ಅಂದರೆ ಜಾಣತನ ಅಳೆಯಲು ಮೊದಲು
ಒಬ್ಬ ಸಾಧಾರಣನನ್ನು ಹುಟ್ಟಿಸಬೇಕು.
ಹೆರುವವಳು ನಾನು.

ಕೋಷ್ಟಕ ಕೇಳುತ್ತದೆ: ವಾಸಕ್ಕೋ? ಅಲ್ಲ.
ಮಹಡಿ ಎಷ್ಟು? ಒಂದೇ.
ಉಗ್ರಾಣವೋ?
ಇಲ್ಲಿ ಬೆರಳು ನಿಂತಿತು.
ಹೌದೆಂದರೆ ಕೊನೆಯ ಸಾಲಿಗೆ ಇಳಿಸುತ್ತದೆ:
ಒಂದು ಹೀಟರು, ಒಂದು ಫ್ಯಾನು.
ತಂಪಿನ ಕಾಲಂ ಖಾಲಿ.

ಹೀಟರು!
ಹಿಮ ಬೀಳುವ ಯಾವುದೋ ಊರಲ್ಲಿ ಕೂತು
ಗೋದಾಮಿನ ಪೈಪು ಹೆಪ್ಪುಗಟ್ಟದಿರಲೆಂದು
ಯಾರೋ ಪುಣ್ಯಾತ್ಮ ಬರೆದ ಸಾಲು
ಬಾತಿನಾ ಕರಾವಳಿಯ ಜುಲೈಯಲ್ಲಿ ಬಂದಿಳಿದು
ಉಣ್ಣೆಯ ಕೋಟು ಬಿಚ್ಚದೆ ನಿಂತಿದೆ.

ಖಲ್ಫಾನ್ ಅಲ್ ಮಕ್ಬಾಲಿ, ಸಜ್ಜನ,
ಖಹ್ವಾ ಬಗ್ಗಿಸುತ್ತ ಹೇಳಿದರು:
"ಉಗ್ರಾಣ ಅಂತಲೇ ಬರಿ. ಡ್ರಮ್ಮು ಇಡುತ್ತೇವಲ್ಲ.
ನಮ್ಮದರಿಂದಲೂ ಕೂಲಿಂಗ್ ತೆಗೆದುಬಿಡೋಣ.
ಇಲ್ಲದಿದ್ದರೆ ಅಷ್ಟೂ ತಂಪು ನಮ್ಮ ತಲೆಗೇ ಬರುತ್ತೆ."
ಲೆಕ್ಕ ಸರಿಯೇ. ತಂಪಿಲ್ಲದ ಸಾಧಾರಣನ ಎದುರು
ತಂಪು ಕೊಟ್ಟವನು ದುಂದುಗಾರ.

ನಿನ್ನೆ ಒಂದೂಮುಕ್ಕಾಲಿಗೆ ಹಳೆಯ ಶೆಡ್ಡಿಗೆ ಹೋಗಿದ್ದೆ.
ಹೊರಗೆ ರಸ್ತೆ ಅಗೆಯುವವರಿಗೆ ಬಿಸಿಲ ಹೊತ್ತಿನ ಬಿಡುವು.
ಒಳಗಿನವರಿಗಿಲ್ಲ. ಮೇಲೆ ತಗಡಿದೆಯಲ್ಲ, ನೆರಳು.
ನನ್ನ ಮೀಟರು ನಲವತ್ತಮೂರು ತೋರಿಸಿತು, ಆಮೇಲೆ
ತಾನೇ ಕಾದು, ಏನೂ ತೋರಿಸಲಿಲ್ಲ.
ಕರಗುವ ಪ್ಲಾಸ್ಟಿಕ್ಕಿನ ಬಳಿ ಮೊಫಿಜುಲ್, ನೊವಾಖಾಲಿಯವನು,
ಒದ್ದೆ ಟವೆಲನ್ನು ಹೆಲ್ಮೆಟ್ಟಿನೊಳಗೆ ಮಡಚುತ್ತ
"ದೀದಿ, ಇದು ಒಣಗಲು ಹನ್ನೊಂದು ನಿಮಿಷ" ಎಂದ.
ದೂರಿದ ಹಾಗಲ್ಲ,
ಲೆಕ್ಕ ಬರೆಯುವವಳಿಗೆ ಉಪಯೋಗವಾದೀತೆಂದು
ಒಂದು ಅಂಕಿ ಕೊಟ್ಟ ಹಾಗೆ.

ಬರೆದುಕೊಂಡೆ. ಹನ್ನೊಂದು.
ಯಾವ ಚೌಕದಲ್ಲೂ ಕೂರದ ಸಂಖ್ಯೆ.

ಚಿಕ್ಕವರಿದ್ದಾಗ ತಮ್ಮನನ್ನು ಸೇರಿಸಿಕೊಳ್ಳುತ್ತಿದ್ದೆವು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಓಡುತ್ತಿದ್ದ, ಬೀಳುತ್ತಿದ್ದ, ಮಂಡಿ ತರಚುತ್ತಿತ್ತು,
ರಕ್ತ ಮಾತ್ರ ನಿಜದ್ದೇ.
ನನ್ನ ಈ ಶೆಡ್ಡು ಅದರ ತಿರುಗುಮುರುಗು:
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ನೂರ ನಲವತ್ತು ಜನ ಒಳಗೆ ವ್ಯಾಟು ಸೂಸುತ್ತಾರೆ,
ಒಬ್ಬರಿಗೂ ಬಾಯಾರುವುದಿಲ್ಲ.

ರಾತ್ರಿ ಟಿಪ್ಪಣಿ ಬರೆದೆ:
ಇದು ಉಗ್ರಾಣವಲ್ಲ. ಇಲ್ಲಿ ಜನ ನಿಲ್ಲುತ್ತಾರೆ.
ಜನ ನಿಲ್ಲುವಲ್ಲಿ ತಂಪು ನಿಜದಲ್ಲೂ ಇರಬೇಕು, ಮಾದರಿಯಲ್ಲೂ.
ಆದ್ದರಿಂದ ಮೇಲಿನ ಸಾಲು, ಛಾವಣಿ ಮೇಲಿನ ಪ್ಯಾಕೇಜ್ ಯಂತ್ರ.
ಗುಂಡಿ ಒತ್ತಿದೆ.
ಎಂಟು ಸಾವಿರದ ಏಳುನೂರ ಅರವತ್ತು ಗಂಟೆಗಳು
ನಾಲ್ಕು ನಿಮಿಷದಲ್ಲಿ ಕಳೆದುಹೋದವು.
ಉಳಿತಾಯ ಶೇಕಡಾ ಒಂಬತ್ತು.
ಖಲ್ಫಾನರಿಗೆ ಹನ್ನೆರಡು ಬೇಕಿತ್ತು,
ಬೆಳಿಗ್ಗೆ ಖಹ್ವಾ ಇನ್ನಷ್ಟು ಕಹಿ ಇರುತ್ತದೆ.

ಡ್ರಮ್ಮಿಡುವ ಮೂಲೆ ಮಾತ್ರ ಉಗ್ರಾಣವೇ, ಸುಳ್ಳಾಡಬಾರದು.
ಅದಕ್ಕೆ ಪುಸ್ತಕದ ಹೀಟರನ್ನೇ ಬಿಟ್ಟಿದ್ದೇನೆ.
ವರ್ಷವಿಡೀ ಅದು ಉರಿದದ್ದು
ಸೊನ್ನೆ ಗಂಟೆ.
ಡ್ರಮ್ಮುಗಳಿಗೆ ಚಳಿಯಾಗಲಿಲ್ಲ.