ಒಂದನೇ ನಂಬರಿನ ಅಂಗಿ

ಹನ್ನೊಂದು ಅಂಗಿ ಹೊಲಿದವಳು ನಾನೇ, ಅರ್ಧ ಕೂಲಿಗೆ.
ಹತ್ತು ಮರುದಿನವೇ ರಿಪೇರಿಗೆ ಬಂದವು
ಮಡಿಕೇರಿಯ ಕೆಸರನ್ನು ಮಡಿಕೆಯಲ್ಲಿಟ್ಟುಕೊಂಡು.
ಒಂದನೇ ನಂಬರು ಬರಲಿಲ್ಲ.

ನೆಲ್ಯಹುದಿಕೇರಿಗೆ ಯಾಕಪ್ಪಾ ಫುಟ್‌ಬಾಲು ಅಂತ
ಕೇಳುವವರು ಮೊದಲೂ ಇದ್ದರು.
ಈ ಜಿಲ್ಲೆಯಲ್ಲಿ ಮಗು ನಡೆಯುವ ಮುಂಚೆ
ಕೋಲು ಹಿಡಿಯುತ್ತದೆ, ತುದಿ ಬಾಗಿದ ಕೋಲು.
ಕಾಲಿನ ಆಟ ಬಂದದ್ದು ಲೈನ್‌ಮನೆಗಳಿಂದ,
ಕೋಲು ಕೊಳ್ಳಲಾಗದ ಅಂಗಳಗಳಿಂದ:
ಮೀನಂಗಡಿ ಹಂಸಾಕನ ಕಿರಿಯವನು,
ಸೆಲ್ವಮಣಿಯ ಅವಳಿಗಳು,
ಎರವರ ಚಾತನ ಮೊಮ್ಮಗ ರಜೀಶ.
ಅವನು ಗೋಲಿಗೆ ನಿಂತರೆ
ಎರಡು ಕಂಬಗಳ ನಡುವೆ ಜಾಗವೇ ಕಾಣುತ್ತಿರಲಿಲ್ಲ.

ಮ್ಯಾನ್ಸ್ ಕಾಂಪೌಂಡು, ಜಿಲ್ಲಾ ಫೈನಲು, ಕೊನೆಯ ನಿಮಿಷ.
ಮಂಜು ಇಳಿದಿತ್ತು.
ಬಂದ ಚೆಂಡಿಗೆ ಜೋರೂ ಇರಲಿಲ್ಲ,
ಕೋಳಿ ಅಂಗಳ ದಾಟುವಷ್ಟು ನಿಧಾನ.
ಅವನ ಕೈಗೆ ಬಂತು. ಕೈಯಿಂದ ಹೋಯಿತು.
ಅಷ್ಟೇ.

ರಾತ್ರಿ ಒಂಬತ್ತಕ್ಕೆ ಜೀಪು ಬಂತು, ಹಾರ್ನಿಲ್ಲದೆ.
ಹಂಸಾಕ ಪಟಾಕಿಯ ಪೊಟ್ಟಣವನ್ನು
ಮೀನಿನ ಪೆಟ್ಟಿಗೆಯ ಹಿಂದೆ ಕಾಲಲ್ಲೇ ಸರಿಸಿದರು.

ಸೋಮವಾರ ರಜೀಶ ಶಾಲೆಗೆ ಬರಲಿಲ್ಲ. ಮಂಗಳವಾರವೂ.
ತೋಟದಲ್ಲಿ ಕಳೆ ಕೊಚ್ಚುತ್ತಿದ್ದಾನೆ ಅಂದರು,
ಆಳಿಗಿಂತ ಮುಂದೆ, ಊಟಕ್ಕೂ ನಿಲ್ಲದೆ.
ಆಮೇಲೆ ಒಬ್ಬೊಬ್ಬರಿಗೇ
ಆ ಲೈನಿನ ಕಡೆ ಕೆಲಸ ಬಿತ್ತು.
ಜೋಯಪ್ಪ ಮೇಷ್ಟ್ರು ಟಿ.ಸಿ.ಗೆ ಸಹಿ ಬೇಕೆಂದು ಹೋದರು
(ಟಿ.ಸಿ. ಯಾರೂ ಕೇಳಿರಲಿಲ್ಲ).
ಹಂಸಾಕ ಮತ್ತಿ ಉಳಿದಿದೆ ಎಂದು ಹೋದರು,
ಬೆಳಿಗ್ಗೆ ಏಳಕ್ಕೆ ಎಲ್ಲಿಯ ಉಳಿದ ಮತ್ತಿ!
ನಾನು ಅವನಮ್ಮನ ರವಿಕೆಯ ಅಳತೆಗೆ ಹೋದೆ.
ಎಲ್ಲರೂ ಅದೇ ಹೇಳಿ ಬಂದೆವು:
ಮಂಜು ಕಣೋ, ಮಂಜಲ್ಲಿ ಯಾರಿಗೆ ಕಾಣುತ್ತೆ.

ಅವನು ಕತ್ತಿ ನಿಲ್ಲಿಸಿ ನನಗೆ ಹೇಳಿದ್ದು:
'ಕಾಣ್ತಿತ್ತು, ಅಕ್ಕ.'

ಅಲ್ಲಿಗೆ ನಮ್ಮ ಮಾತು ಮುಗಿಯಿತು.
ಊರು ಎತ್ತಿ ಕೊಟ್ಟ ಮಂಜನ್ನು
ಹದಿನೈದರ ಹುಡುಗ ವಾಪಸು ಕೊಟ್ಟಿದ್ದ.

ಕೈಲ್ ಮುಹೂರ್ತ ಬಂತು. ಚೀಯಣ್ಣನವರ ಮನೆಯಲ್ಲಿ
ಕೋವಿ, ಒಡಿಕತ್ತಿ, ಅವರ ಹಳೆಯ ಹಾಕಿ ಕೋಲು
ವರ್ಷವೂ ಸಾಲಾಗಿ ಪೂಜೆಗೆ ಕೂರುತ್ತವೆ.
ಕಾಲಾಟವನ್ನು 'ಒದೆಯೋ ಕೆಲಸ' ಅನ್ನುತ್ತಿದ್ದವರು ಅವರು.
ಈ ಸಲ ಜೀಪಿನ ಸೀಟಿನಡಿ ಬಿದ್ದಿದ್ದ
ಒಂದು ಜೊತೆ ಗ್ಲೌಸು ತರಿಸಿಕೊಂಡು,
ಕೆಸರನ್ನೂ ತೊಳೆಯದೆ, ಕೋಲಿನ ಪಕ್ಕದಲ್ಲಿಟ್ಟು
ಒಂದು ತೋಕ್ ಪೂವನ್ನು ಹೆಬ್ಬೆರಳೊಳಗೆ ಸಿಕ್ಕಿಸಿದ್ದರು.
ಊಟಕ್ಕೆ ಬಂದ ರಜೀಶ ಬಾಗಿಲಲ್ಲೇ ನಿಂತ.
'ಜಲಂಧರಿನಲ್ಲಿ,' ಅಂದರು ಚೀಯಣ್ಣ, ಕಡಂಬುಟ್ಟು ಮುರಿಯುತ್ತ,
'ನನ್ನ ಕಾಲ ಸಂದಿಯಲ್ಲಿ ಹೋಯ್ತು.
ಮಂಜಿಲ್ಲ. ಮಳೆಯಿಲ್ಲ. ಸುಡು ಬಿಸಿಲು.
ನಲವತ್ತು ವರ್ಷ ಸೂರ್ಯ ಕಣ್ಣಿಗೆ ಹೊಡೀತು ಅಂದೆ.
ಸೂರ್ಯ ನನ್ನ ಬೆನ್ನಿಗಿದ್ದ.'
ಮತ್ತೆ, 'ಗ್ಲೌಸ್ ಈಗ ಮುಟ್ಟಬೇಡ, ಪೂಜೆ ಮುಗೀಲಿ.'

ಮರುಸಂಜೆ ಅಂಗಿ ಬಂತು, ಅವನೇ ತಂದ.
ತಿರುವಿ ನೋಡಿದೆ, ಎಲ್ಲೂ ಹರಿದಿಲ್ಲ.
'ಬಿಗಿ ಆಗ್ತಿದೆ,' ಅಂದ ನೆಲ ನೋಡುತ್ತ.
ಹೊಲಿಯುವಾಗಲೇ ಪಕ್ಕದ ಹೊಲಿಗೆಯೊಳಗೆ
ಬೆರಳಗಲ ಬಟ್ಟೆ ಬಿಟ್ಟಿದ್ದೆ.
ಮಕ್ಕಳ ಬಟ್ಟೆಗೆ ಹಾಗೆ ಬಿಡುವುದು ರೂಢಿ.
ಬಿಚ್ಚಿ, ಹೊಸ ನೂಲು ಓಡಿಸಿ ಕೊಟ್ಟೆ. ದುಡ್ಡು ಕೇಳಿದೆ,
ಕೇಳದಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.

ಆ ವಾರ ಮೈದಾನದ ಕಂಬವೊಂದನ್ನು ಆನೆ ಉರುಳಿಸಿತ್ತು.
ಸಿಲ್ವರ್ ಓಕಿನ ಗಳು ಹೊತ್ತು ಬಂದವರು ಯಾರು,
ಆನೆ ಹೆಜ್ಜೆಗೆ ಮಣ್ಣು ತುಂಬಿದವರು ಯಾರು,
ಲೆಕ್ಕ ಇಡಲಿಲ್ಲ.
ನಿಂತ ಮೇಲೆ ಊರೆಲ್ಲ ಸರದಿಯಲ್ಲಿ ಅವನಿಗೆ ಒದ್ದಿತು:
ಪೋಸ್ಟ್‌ಮ್ಯಾನು ಒದ್ದ, ಸೆಲ್ವಮಣಿ ಸೀರೆ ಎತ್ತಿ ಕಟ್ಟಿ ಒದ್ದಳು,
ಹಂಸಾಕನದು ನೇರ ಹೊಳೆಗೆ.
ಕೆಲವು ಹಿಡಿದ, ಕೆಲವು ಬಿಟ್ಟ.
ಬಿಟ್ಟಾಗ ಯಾರೂ ಏನೂ ಅನ್ನಲಿಲ್ಲ, ಅವನೂ.

ನನ್ನ ಸರದಿಗೆ ಚೆಂಡು ಪಕ್ಕಕ್ಕೆ ಹೋಯಿತು,
ಚಪ್ಪಲಿ ನೆಟ್ಟಗೆ ಗೋಲಿಗೆ.
ಹಾರಿ, ಎರಡೂ ಕೈಯಲ್ಲಿ ಹಿಡಿದು, ಎದೆಗವುಚಿಕೊಂಡ.
ಆಗ ಕೇಳಬೇಕಿತ್ತು ಊರಿನ ಕೂಗು!
ಹಂಸಾಕ ಪಟಾಕಿ ಹುಡುಕಲು ಓಡಿದರು.
ನಾನು ಒಂಟಿ ಚಪ್ಪಲಿಯಲ್ಲಿ ಕುಂಟುತ್ತ
ಅಂಗಡಿಗೆ ಬಂದೆ,
ಇನ್ನೊಂದನ್ನು ಕೇಳುವುದೇ ಮರೆತು.